ಬಡಿಯುವ ಕೈ

ಕುಂಬಾರಿಕೆ ಎಂದೊಡನೆ ಎಲ್ಲರ ಕಣ್ಣೂ ತಿಗರಿಯ ಮೇಲೆ. ಮೇಳಗಳಲ್ಲಿ ಜನ ಮುತ್ತಿಕೊಳ್ಳುವುದೂ ಅದನ್ನೇ. ನನ್ನ ಮಟ್ಟಿಗೆ ಅಡುಗೆಯ ಮಡಕೆ ಹುಟ್ಟುವುದು ತಿಗರಿಯಿಂದ ಇಳಿದ ಮೇಲೆ.

ತಿಗರಿ ಕೊಡುವುದು ಬಾಯಿ, ಕಂಠ, ಹೆಗಲು, ಅಷ್ಟೇ. ದಾರದಿಂದ ಕೊಯ್ದು ಇಳಿಸಿದಾಗ ಗೋಡೆ ದಪ್ಪ, ತಳ ಇನ್ನೂ ತೆರೆದೇ ಇರುತ್ತದೆ. ನೆರಳಲ್ಲಿ ತುಸು ಬಿಗಿಯಾದ ಮೇಲೆ, ಒಳಗೆ ನುಣುಪಾದ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತಾ ಹೋಗಬೇಕು. ಅಂಟದಿರಲೆಂದು ಆಗಾಗ ಬೂದಿ ಉದುರಿಸಬೇಕು. ಏಟೇಟಿಗೂ ಮಣ್ಣು ಸರಿದು ತಳ ಮುಚ್ಚಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ, ಗೋಡೆ ತೆಳುವಾಗುತ್ತದೆ. ಒಳಗಿನ ಕೈ ಕಣ್ಣಿಗೆ ಕಾಣದು; ಎಲ್ಲಿ ದಪ್ಪ ಉಳಿದಿದೆ ಎಂಬುದನ್ನು ಸದ್ದಿನಿಂದಲೇ ತಿಳಿಯಬೇಕು. ಹರಿಹರನ ರಗಳೆಯಲ್ಲಿ ಕುಂಬಾರ ಗುಂಡಯ್ಯ ಮಡಕೆ ತಟ್ಟುವ ನಾದಕ್ಕೆ ಶಿವನೇ ಬಂದು ಕುಣಿಯುತ್ತಾನೆ. ಕುಂಬಾರರ ಮನೆಯ ಅಂಗಳದಲ್ಲಿ ಒಂದು ಮಧ್ಯಾಹ್ನ ಕೂತವರಿಗೆ ಆ ಕವಿ ಏನು ಕೇಳಿಸಿಕೊಂಡಿದ್ದ ಎಂಬುದು ಗೊತ್ತಾಗುತ್ತದೆ.

ಕೆರೆಯಂಗಳದ ಜೇಡಿಮಣ್ಣು ನೆನೆಹಾಕಿ, ಕಲ್ಲು ಬೇರು ಆರಿಸಿ, ಮರಳೋ ಬೂದಿಯೋ ಬೆರೆಸಿ ಹದ ಮಾಡುವುದರಲ್ಲಿ, ಕೆಮ್ಮಣ್ಣು ಬಳಿದು ಉಜ್ಜುವುದರಲ್ಲಿ ಮನೆಯ ಹೆಂಗಸರ ದುಡಿಮೆ ದೊಡ್ಡದು. ಎಷ್ಟೋ ಕಡೆ ಅವರು ತಿಗರಿ ಮುಟ್ಟುವಂತಿರಲಿಲ್ಲ. ಹಾಗಾಗಿ ಹೆಸರೆಲ್ಲ ತಿಗರಿ ತಿರುಗಿಸಿದವನಿಗೇ ಹೋಯಿತು. ಇದು ಅನ್ಯಾಯ. ಮದುವೆಗೆ ಬಣ್ಣ ಬರೆದ ಐರಾಣಿ ಗಡಿಗೆ, ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು: ಊರಿಗೆ ಇವನ್ನೆಲ್ಲ ಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದದ್ದು ಇಡೀ ಮನೆ.

ಈಗ ವಿದ್ಯುತ್ ತಿಗರಿ ಬಂದಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2018ರಿಂದ ಯೋಜನೆಯೊಂದರಡಿ ಅದನ್ನು ಹಂಚುತ್ತಿದೆ. ಕುಂಬಾರರ ಸೊಂಟ, ರಟ್ಟೆಗೆ ಎಷ್ಟೋ ಆರಾಮ, ಬರಲಿ. ಆದರೆ ಹಣತೆ, ಲೋಟ, ಹೂಕುಂಡಗಳೆಲ್ಲ ತಿಗರಿಯ ಮೇಲೇ ಮುಗಿಯುವ ಸರಕು. ಪೇಟೆ ಅವನ್ನಷ್ಟೇ ಕೇಳುತ್ತಾ ಹೋದರೆ ಬಡಿಯುವ ವಿದ್ಯೆಯನ್ನು ಮಕ್ಕಳು ಯಾಕಾದರೂ ಕಲಿತಾರು? ಬಡಿದು ಮಾಡಿದ ಗುಂಡು ತಳಕ್ಕೆ ಮೂಲೆಯಿಲ್ಲ, ಬಿಸಿ ಸಮನಾಗಿ ಹರಡುತ್ತದೆ. ಉರಿಗೆ ಅದು ತಡೆದುಕೊಂಡಷ್ಟು ಚಪ್ಪಟೆ ತಳ ತಡೆಯದು.

ಸಂತೆಯಲ್ಲಿ ಮಡಕೆಯನ್ನು ಎತ್ತಿ ಹಿಡಿದು ಬೆರಳಗಂಟಿನಿಂದ ತಟ್ಟಿ ನೋಡಿ. ಠಣ್ ಎಂದರೆ ಆವಿಗೆಯಲ್ಲಿ ಚೆನ್ನಾಗಿ ಬೆಂದಿದೆ; ಬದ್ ಎಂದರೆ ಬಿರುಕಿದೆ, ಇಲ್ಲವೇ ಬೇಯುವುದು ಬಾಕಿಯಿದೆ. ಒಳಗೆ ಕೈಯಾಡಿಸಿ. ಕಲ್ಲು ಒತ್ತಿದ ಸಣ್ಣ ಸಣ್ಣ ತಗ್ಗುಗಳು ಬೆರಳಿಗೆ ಸಿಕ್ಕರೆ ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ತನ್ನಿ. ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಿ. ಮೊದಲು ಅದರಲ್ಲಿ ಗಂಜಿ ಕಾಯಿಸಿ, ಅದರ ಪಿಷ್ಟ ಸೂಕ್ಷ್ಮ ರಂಧ್ರಗಳನ್ನು ತುಂಬಿಕೊಳ್ಳುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಹುರುಳಿ ಸಾರಿಗೆ ಇಡಬಹುದು.