ಹವ್ಯಾಸಿಗಳ ಮೇಲಿನ ದೋಷಾರೋಪ: ಒಂದು ಮರುವಿಚಾರಣೆ

ಅಂತರಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದು, ಚಿತ್ರ ಹಾಕಬಹುದು, ವಿಡಿಯೋ ತೋರಿಸಬಹುದು ಎಂದಾದಾಗ ಅದನ್ನು ಜ್ಞಾನದ ಪ್ರಜಾಪ್ರಭುತ್ವವೆಂದು ಕೊಂಡಾಡಿದವರೇ ಹೆಚ್ಚು. ಆ ಸಂಭ್ರಮದ ನಡುವೆ, 2007ರಲ್ಲಿ, ಆಂಡ್ರ್ಯೂ ಕೀನ್ ಎಂಬುವರು ‘ದಿ ಕಲ್ಟ್ ಆಫ್ ದಿ ಅಮೆಚೂರ್’ ಎಂಬ ಪುಸ್ತಕ ಪ್ರಕಟಿಸಿ ಅಪಸ್ವರ ಎತ್ತಿದರು. ಅವರು ಸ್ವತಃ ಅಂತರಜಾಲದ ಉದ್ಯಮದಲ್ಲಿದ್ದವರು. ಸಂಪಾದಕ, ಪ್ರಕಾಶಕ, ವಿಮರ್ಶಕ ಎಂಬ ಜರಡಿಗಳನ್ನು ಕಿತ್ತೊಗೆದರೆ ಕಾಳಿಗಿಂತ ಹೊಟ್ಟೇ ಹೆಚ್ಚಾಗಿ ಸಂಸ್ಕೃತಿ ನಾಶವಾಗುತ್ತದೆ ಎಂಬುದು ಅವರ ವಾದದ ತಿರುಳು. ಪುಸ್ತಕದ ಧಾಟಿ ವಾದಕ್ಕಿಂತ ಬೈಗುಳಕ್ಕೆ ಹತ್ತಿರ. ಆದರೂ ಅದು ಎತ್ತಿದ ಪ್ರಶ್ನೆ ಹಗುರವಾದದ್ದಲ್ಲ. ಈಗ ಸಾಕಷ್ಟು ವರ್ಷಗಳು ಸಂದಿರುವುದರಿಂದ ವಾದವನ್ನು ನಡೆದ ಸಂಗತಿಗಳ ಪಕ್ಕದಲ್ಲಿಟ್ಟು ಪರೀಕ್ಷಿಸಬಹುದು.

ಕೀನ್ ಅವರ ಮುಖ್ಯ ಗುರಿಗಳಲ್ಲಿ ಒಂದು ವಿಕಿಪೀಡಿಯ. 2005ರ ಡಿಸೆಂಬರಿನಲ್ಲಿ ‘ನೇಚರ್’ ಪತ್ರಿಕೆಯು 42 ವಿಜ್ಞಾನ ವಿಷಯಗಳನ್ನು ಆರಿಸಿ, ವಿಕಿಪೀಡಿಯ ಮತ್ತು ಬ್ರಿಟಾನಿಕ ವಿಶ್ವಕೋಶಗಳ ಲೇಖನಗಳನ್ನು ತಜ್ಞರಿಂದ ಪರಿಶೀಲನೆ ಮಾಡಿಸಿತ್ತು. ಮೊದಲನೆಯದರಲ್ಲಿ 162, ಎರಡನೆಯದರಲ್ಲಿ 123 ತಪ್ಪುಗಳು ಸಿಕ್ಕವು. ಅಂದರೆ ಲೇಖನವೊಂದಕ್ಕೆ ಸರಾಸರಿ ನಾಲ್ಕು ಮತ್ತು ಮೂರು. ಗಂಭೀರ ತಪ್ಪುಗಳು ಎರಡರಲ್ಲೂ ನಾಲ್ಕು ನಾಲ್ಕು. ಬ್ರಿಟಾನಿಕ ಇದನ್ನು ಬಲವಾಗಿ ಆಕ್ಷೇಪಿಸಿತು. ಅಳತೆ ತೆಗೆದು ರೂಢಿಯಿದ್ದವರಿಗೆ ಇಲ್ಲಿ ಬೇರೊಂದು ಸಂಗತಿ ಹೊಳೆಯಬೇಕು. ಸರಾಸರಿಯು ತಪ್ಪುಗಳ ಹರಡಿಕೆಯನ್ನು ಮರೆಮಾಡುತ್ತದೆ. ಸಾವಿರಾರು ಜನ ಓದುವ ಪುಟ ಬೇಗ ತಿದ್ದುಪಡಿಯಾಗುತ್ತದೆ, ಯಾರೂ ತೆರೆಯದ ಪುಟದ ತಪ್ಪು ಹಾಗೆಯೇ ಉಳಿಯುತ್ತದೆ. ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಹೆಸರನ್ನು ಕೆನೆಡಿ ಹತ್ಯೆಗೆ ತಳುಕು ಹಾಕಿದ್ದ ಸುಳ್ಳೊಂದು 2005ರಲ್ಲಿ ನಾಲ್ಕು ತಿಂಗಳು ಅಲ್ಲಿಯೇ ಇತ್ತು.

ಚಿಕ್ಕ ಭಾಷೆಗಳಲ್ಲಿ ಈ ಅಪಾಯ ಇನ್ನೂ ದೊಡ್ಡದು. ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಆ ಭಾಷೆ ಸರಿಯಾಗಿ ಬಾರದ ಅಮೆರಿಕದ ಹುಡುಗನೊಬ್ಬ ಬರೆದಿದ್ದಾನೆಂಬುದು 2020ರಲ್ಲಿ ಬಯಲಾಯಿತು. ಇದನ್ನು ಕೇಳಿದ್ದರೆ ಕೀನ್ ‘ನಾನು ಹೇಳಲಿಲ್ಲವೇ?’ ಎನ್ನುತ್ತಿದ್ದರೇನೋ. ಆದರೆ 2003ರಲ್ಲಿ ಆರಂಭವಾದ ನಮ್ಮ ಕನ್ನಡ ವಿಕಿಪೀಡಿಯದ ಕಥೆ ಅವರಿಗೆ ಅಷ್ಟು ಅನುಕೂಲವಲ್ಲ. 2009ರ ನಂತರ ಕೆಲಕಾಲ ಗೂಗಲ್ ಸಂಸ್ಥೆಯ ಯೋಜನೆಯೊಂದರ ಮೂಲಕ ಇಂಗ್ಲಿಷಿನ ಲೇಖನಗಳು ಯಂತ್ರಾನುವಾದದ ನೆರವಿನಿಂದ ಇಲ್ಲಿಗೆ ಬಂದು ಬಿದ್ದವು. ಓದಿದರೆ ಅರ್ಥವಾಗದ ಆ ವಾಕ್ಯಗಳನ್ನು ಸೇರಿಸಿದವರು ಸಂಬಳಕ್ಕೆ ದುಡಿದ ಅನುವಾದಕರು. ಕುಳಿತು ತಿದ್ದಿದವರು ಹವ್ಯಾಸಿಗಳು.

ಕೀನ್ ಅವರ ಪುಸ್ತಕ ಬಂದ ಬೇಸಗೆಯಲ್ಲೇ, ಅಂದರೆ 2007ರ ಜುಲೈಯಲ್ಲಿ, ‘ಗೆಲಾಕ್ಸಿ ಜೂ’ ಆರಂಭವಾಯಿತು. ಸ್ಲೋನ್ ಸಮೀಕ್ಷೆಯ ದೂರದರ್ಶಕ ತೆಗೆದ ಸುಮಾರು ಒಂಬತ್ತು ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, ‘ಇದು ಸುರುಳಿಯೋ, ದೀರ್ಘವೃತ್ತಾಕಾರವೋ? ಸುರುಳಿ ಎತ್ತ ತಿರುಗಿದೆ?’ ಎಂದು ಕೇಳಲಾಯಿತು. ಮೊದಲ ವರ್ಷದಲ್ಲಿ ಒಂದೂವರೆ ಲಕ್ಷದಷ್ಟು ಜನ ಐದು ಕೋಟಿಗೂ ಹೆಚ್ಚು ಉತ್ತರ ಕೊಟ್ಟರು. ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಒಂದು ಗೆಲಾಕ್ಸಿಯ ಪಕ್ಕದಲ್ಲಿ ವಿಚಿತ್ರ ಹೊಳಪನ್ನು ಕಂಡು ‘ಇದೇನು?’ ಎಂದು ಕೇಳಿದರು. ಅದು ಆ ಗೆಲಾಕ್ಸಿಯ ಕೇಂದ್ರ ಹಿಂದೊಮ್ಮೆ ಪ್ರಖರವಾಗಿದ್ದಾಗ ಸೂಸಿದ ವಿಕಿರಣದಿಂದ ಬೆಳಗುತ್ತಿರುವ ಅನಿಲರಾಶಿ ಎಂದು ಮುಂದೆ ತಿಳಿಯಿತು. ಈ ಕಥೆ ಪ್ರಸಿದ್ಧ. ನನಗೆ ಇನ್ನೂ ಮುಖ್ಯವೆನಿಸುವುದು ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು.

ಉತ್ತರಗಳಲ್ಲಿ ಅಪ್ರದಕ್ಷಿಣ ಸುರುಳಿಗಳು ಪ್ರದಕ್ಷಿಣ ಸುರುಳಿಗಳಿಗಿಂತ ಹೆಚ್ಚಾಗಿ ಕಂಡುಬಂದವು. ಇದು ನಿಜವಾಗಿದ್ದರೆ ವಿಶ್ವಕ್ಕೊಂದು ಒಲವಿನ ದಿಕ್ಕು ಇದೆ ಎಂದಾಗುತ್ತಿತ್ತು. ವಿಶ್ವವಿಜ್ಞಾನವನ್ನೇ ಅಲುಗಿಸುವ ಫಲಿತಾಂಶ. ಸಂಶೋಧಕರು ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ತೋರಿಸಿದರು. ಒಲವು ಆಕಾಶದ್ದಾಗಿದ್ದರೆ ಈಗ ಪ್ರದಕ್ಷಿಣ ಸುರುಳಿಗಳು ಹೆಚ್ಚಾಗಬೇಕಿತ್ತು. ಹಾಗಾಗಲಿಲ್ಲ, ಜನ ಮತ್ತೆಯೂ ಅಪ್ರದಕ್ಷಿಣವನ್ನೇ ಹೆಚ್ಚು ಕಂಡರು. ದೋಷವಿದ್ದದ್ದು ನೋಡುವ ಕ್ರಮದಲ್ಲಿ. ಹವ್ಯಾಸಿಗಳು ಎಡವುತ್ತಾರೆ ಎಂದು ಮೊದಲೇ ಎಣಿಸಿ, ಆ ಎಡವುವಿಕೆಯನ್ನು ಅಳೆಯುವ ಏರ್ಪಾಡು ಅಲ್ಲಿತ್ತು. ಕೀನ್ ಅವರ ಪುಸ್ತಕದಲ್ಲಿ ಇಂತಹ ಏರ್ಪಾಡಿಗೆ ಜಾಗವೇ ಇಲ್ಲ. ಅವರ ಪ್ರಕಾರ ಜರಡಿ ಎಂದರೆ ಹುದ್ದೆಯಲ್ಲಿರುವ ಒಬ್ಬ ವ್ಯಕ್ತಿ.

ಕನ್ನಡದಲ್ಲಿ ‘ಹವ್ಯಾಸಿ’ ಎಂಬ ಮಾತಿಗೆ ಅವರು ಹಚ್ಚಿದ ಕಳಂಕವೂ ಇಲ್ಲ. ವೃತ್ತಿ ಕಂಪನಿಗಳ ಎದುರು ಹವ್ಯಾಸಿ ರಂಗಭೂಮಿ ಎಂದರೆ ನಮ್ಮಲ್ಲಿ ಗಂಭೀರ ಪ್ರಯತ್ನವೆಂದೇ ಅರ್ಥ. ಕಾಲೇಜು ಬಿಟ್ಟ ಕಾದಂಬರಿಕಾರ ಶಿವರಾಮ ಕಾರಂತರು ‘ಬಾಲ ಪ್ರಪಂಚ’ದ ಮೂರು, ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ರಚಿಸಿದ ನಾಡು ಇದು. ಪದವಿಯ ಮಾನದಂಡ ಹಿಡಿದಿದ್ದರೆ ಆ ಪುಸ್ತಕಗಳು ಬರುತ್ತಲೇ ಇರಲಿಲ್ಲ.

ಹಾಗಾದರೆ ಕೀನ್ ಸಂಪೂರ್ಣ ತಪ್ಪೇ? ಅಲ್ಲ. ಯೂಟ್ಯೂಬ್ 2007ರಲ್ಲಿಯೇ ಜಾಹೀರಾತಿನ ಹಣವನ್ನು ವಿಡಿಯೋ ಹಾಕುವವರೊಂದಿಗೆ ಹಂಚಿಕೊಳ್ಳತೊಡಗಿತು. ಅಲ್ಲಿ ಲೆಕ್ಕಕ್ಕೆ ಬರುವುದು ಎಷ್ಟು ಜನ ನೋಡಿದರು ಎಂಬುದು. ಎಷ್ಟು ಸರಿಯಿತ್ತು ಎಂಬುದಲ್ಲ. ಕನ್ನಡಿ ಹಿಡಿದು ನೋಡುವವರು ಅಲ್ಲಿಲ್ಲ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ನೆನೆಯಿರಿ. ಅಂದು ಕಲಬುರಗಿ ಸಮೀಪ ಅಂಗವೈಕಲ್ಯವಿದ್ದ ಮಕ್ಕಳನ್ನು ಗುಣವಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಆ ನಂಬಿಕೆಯನ್ನು ಅಂತರಜಾಲ ಹುಟ್ಟಿಸಿದ್ದಲ್ಲ, ಅದು ಹಳೆಯದು. ಆದರೆ ತಟ್ಟೆಯ ನೀರಿನಲ್ಲಿ ಒನಕೆ ತಾನಾಗಿ ನಿಂತಿತೆಂಬ ವಿಡಿಯೋಗಳು ಅಂದು ಮೊಬೈಲಿನಿಂದ ಮೊಬೈಲಿಗೆ ಓಡಿದವು. ‘ಕಣ್ಣಾರೆ ಕಂಡೆವಲ್ಲ ಸಾರ್’ ಎನ್ನುವ ವಿದ್ಯಾರ್ಥಿಗೆ ಶಿಕ್ಷಕರು ಏನು ಹೇಳಬೇಕು?

ಲೆಕ್ಕ ಹೇಳಬಹುದು. ಸೂರ್ಯ ಚಂದ್ರರ ಉಬ್ಬರದ ಸೆಳೆತ ಕೂಡಿದರೂ ಒನಕೆಯ ತೂಕದಲ್ಲಿ ಆಗುವ ವ್ಯತ್ಯಾಸ ಐವತ್ತು ಲಕ್ಷದಲ್ಲಿ ಒಂದು ಪಾಲನ್ನೂ ಮುಟ್ಟದು. ಅದೂ ಹೆಚ್ಚುಕಡಿಮೆ ಪ್ರತಿ ಅಮಾವಾಸ್ಯೆಗೂ ಇದ್ದದ್ದೇ. ಆದರೆ ಲೆಕ್ಕಕ್ಕಿಂತ ಸುಲಭದ ದಾರಿಯೊಂದಿದೆ. ಅಡಿ ಸಮತಟ್ಟಾದ ಒನಕೆಯೊಂದನ್ನು ಗ್ರಹಣವಿಲ್ಲದ ಯಾವುದಾದರೂ ದಿನ ತರಗತಿಗೆ ತಂದು, ಗುರುತ್ವಕೇಂದ್ರದ ಲಂಬರೇಖೆ ಅದರ ಅಡಿಯೊಳಗೇ ಬೀಳುವಂತೆ ಮಕ್ಕಳೇ ನಿಲ್ಲಿಸಲಿ. ಅದನ್ನೂ ವಿಡಿಯೋ ಮಾಡಿ, ದಿನಾಂಕ ಕಾಣುವಂತೆ ಹಾಕಲಿ.