ಎಣಿಸಿ ಕಲಿತ ಕೈಗೆ ಆರಿಸುವ ಹಕ್ಕು

ನಮ್ಮಲ್ಲಿ ಮಗುವಿಗೆ ಚಿತ್ರ ಕಲಿಸುವುದೆಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ. ನರಗುಂದದ ಎರೆಹೊಲದಲ್ಲಿ ಕೂರಿಗೆಯ ಸಾಲು ನೋಡುತ್ತ ಬೆಳೆದ ಮಗುವೂ ಹಾಯಿದೋಣಿಯನ್ನೇ ಬರೆಯುತ್ತದೆ. ಶಾಲೆಯ ಎಲ್ಲ ಹಂತಗಳಲ್ಲೂ ಕಲೆ ಒಂದು ವಿಷಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆದರೆ ಕೆಳಗಿನ ತರಗತಿಯಲ್ಲಿ ನಕಲು, ಮೇಲಿನ ತರಗತಿಯಲ್ಲಿ ಸಮತೋಲನ, ಲಯ, ಪ್ರಮಾಣಗಳ ವ್ಯಾಖ್ಯೆಯ ಬಾಯಿಪಾಠ, ಇಷ್ಟಕ್ಕೇ ಅದು ನಿಂತಿದೆ.

ಮನೆಯಲ್ಲೇ ಓದುವ ಮಗುವಿಗಾದರೂ ಈ ಕಾಟ ತಪ್ಪಬೇಕಿತ್ತು. ಪೇಟೆಯ ತಂದೆ ತಾಯಿ ಇಷ್ಟಪಟ್ಟು ಮನೆಪಾಠ ಆರಿಸಿಕೊಳ್ಳುತ್ತಾರೆ. ರೋಣ, ಗಜೇಂದ್ರಗಡದ ಕಡೆ ಮನೆಯಲ್ಲಿ ಕೂತು ಓದುವವಳು ಹೆಚ್ಚಾಗಿ 'ದೊಡ್ಡವಳಾದಳು' ಎಂದು ಶಾಲೆ ಬಿಡಿಸಿದ ಹುಡುಗಿ. ಅವಳಿಗೂ ಅದೇ ಗುಡ್ಡ-ಸೂರ್ಯದ ಪುಸ್ತಕ ತಂದುಕೊಡುತ್ತೇವೆ.

ಅವಳ ಸುತ್ತ ಏನಿದೆ ನೋಡಿ. ಗಜೇಂದ್ರಗಡದ ಪಟ್ಟೇದ ಅಂಚು ಸೀರೆ ಬಹುಕಾಲ ಮರೆಯಾಗಿದ್ದು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮಗ್ಗಕ್ಕೆ ಬಂದಿದೆ. ಹಾಸಿನ ಬಣ್ಣ ಹೊಕ್ಕಿನ ಬಣ್ಣವನ್ನು ದಾಟುವಲ್ಲಿ ಚೌಕಳಿ ಹುಟ್ಟುತ್ತದೆ, ಬೇರೆ ಬಣ್ಣದ ಅಂಚು ಆ ಚೌಕಳಿಯನ್ನು ಹಿಡಿದು ನಿಲ್ಲಿಸುತ್ತದೆ. ಪುನರಾವರ್ತನೆ, ವೈದೃಶ್ಯ ಎರಡೂ ಅಲ್ಲಿವೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬುತ್ತದೆ, ಬಟ್ಟೆಯ ಎರಡೂ ಮಗ್ಗಲು ಒಂದೇ ಆಗುತ್ತದೆ. ಗಂಟಿಲ್ಲ. ಎಳೆ ಎಣಿಸುವುದರಲ್ಲಿ ಒಂದು ತಪ್ಪಿದರೆ ಗೋಪುರವೇ ವಾಲುತ್ತದೆ.

ಉರ್ದು ಓದುವ ಮನೆಯಲ್ಲಾದರೆ ಪ್ರಮಾಣದ ಪಾಠಕ್ಕೆ ಖುಷ್‌ಖತ್ ಇದೆ. ಓರೆಯಾಗಿ ಕತ್ತರಿಸಿದ ಕಲಮಿನ ತುದಿ ಕಾಗದದ ಮೇಲೆ ಒತ್ತಿದರೆ ಮೂಡುವ ನುಕ್ತೆಯೇ ಅಳತೆಗೋಲು. ಹತ್ತನೆಯ ಶತಮಾನದ ಬಗ್ದಾದಿನ ಇಬ್ನ್ ಮುಕ್ಲಾ ಹೆಸರಿನಲ್ಲಿ ಬಂದ ಕ್ರಮ ಇದು. ಅಲಿಫ್ ಎಷ್ಟು ನುಕ್ತೆ ಎತ್ತರ ಎನ್ನುವುದು ಶೈಲಿಯಿಂದ ಶೈಲಿಗೆ ಬೇರೆ, ಒಂದೇ ಶೈಲಿಯೊಳಗೆ ಮಾತ್ರ ಅದು ಕದಲದು. ಚಿತ್ರ ಬರೆಯಬಹುದೇ ಬಾರದೇ ಎಂದು ಜಗಳವಾಡುವ ಮನೆಯಲ್ಲೂ ಈ ಪಾಠಕ್ಕೆ ಯಾರ ಅಡ್ಡಿಯೂ ಇರಲಾರದು! ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಅಕ್ಷರಗಳನ್ನೇ ಕೊರೆದು ಕಲ್ಲಿನ ಜಾಲಂದ್ರ ಮಾಡಿದ್ದಾರೆ. ಅಲ್ಲಿ ಬೆಳಕು ಬರುವುದು ಅಕ್ಷರದ ಸಂದಿಯಿಂದ. ಬರೆಯದೆ ಬಿಟ್ಟ ಜಾಗವೂ ವಿನ್ಯಾಸವೇ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

ಹಾಗೆಂದು ಕೈಕೆಸಬನ್ನು ಹೊಗಳಿ ಸುಮ್ಮನಾಗುವುದೂ ತಪ್ಪು. ನೇಕಾರರ ಮನೆಯ ಹುಡುಗಿ ಕಂಡಿಕೆ ಸುತ್ತುತ್ತಾಳೆ, ಬಣ್ಣ ಗೊತ್ತುಮಾಡುವವನು ಮಾಲು ಕೊಳ್ಳುವ ಸಾಹುಕಾರ. ಕಸೂತಿ ಹಾಕುವವಳು ಅಜ್ಜಿಯ ಮಾದರಿಯನ್ನೇ ಎಣಿಸುತ್ತಾಳೆ. ಅದೂ ನಕಲೇ, ಗುಡ್ಡ-ಸೂರ್ಯಕ್ಕಿಂತ ಚೆಂದದ ನಕಲು ಅಷ್ಟೆ. ವಿನ್ಯಾಸ ಶುರುವಾಗುವುದು ಆಯ್ಕೆಯಲ್ಲಿ. ಚೌಕುಳಿ ಕಾಗದ ಕೊಟ್ಟು, ಅಂಚನ್ನು ಅರ್ಧಕ್ಕಿಳಿಸಿದರೆ ಸೀರೆ ಹೇಗೆ ಕಂಡೀತು, ಎರಡು ಬಣ್ಣ ಅದಲುಬದಲಾದರೆ ಯಾವುದು ಮುಂದೆ ಬಂದೀತು ಎಂದು ಕೇಳಬೇಕು. ಬರೆದು ನೋಡಲಿ. ಇದು ಬೇಡ, ಅದು ಇರಲಿ ಎಂದು ಅವಳು ಹೇಳಿದಾಗ ಯಾಕೆ ಎಂದು ಕೇಳಿ, ಉತ್ತರ ಬರುವ ತನಕ ಕಾಯಬೇಕು. ವೈದೃಶ್ಯ, ಪ್ರಮಾಣ ಎಂಬ ಹೆಸರುಗಳನ್ನು ಆಮೇಲೆ ಹೇಳಿಕೊಟ್ಟರಾಯಿತು.

ಮನೆಯಲ್ಲೇ ಇಷ್ಟೆಲ್ಲ ಇದೆಯಲ್ಲ, ಇನ್ನು ಶಾಲೆ ಏಕೆ ಎನ್ನುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನದು. ಆ ವಯಸ್ಸು ದಾಟಿ ಮನೆಯಲ್ಲೇ ಉಳಿದವಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೆಯ ತರಗತಿ ಪರೀಕ್ಷೆ ಇದೆ, ಅದರ ವಿಷಯಗಳಲ್ಲಿ ಚಿತ್ರಕಲೆಯೂ ಒಂದು. ಅರ್ಜಿ ತುಂಬಿಸುವ ಕೆಲಸ ಅಪ್ಪನದು.