ಹಸಿ ಮಾಂಸದ ಪಾಕ: ಬಾರ್ತ್ ನೋಡದ ಚಾಕು

ರೋಲಾಂ ಬಾರ್ತ್‌ನ ‘ಮಿಥಾಲಜೀಸ್’ (1957) ಸಂಕಲನದಲ್ಲಿ ಬೀಫ್ ಸ್ಟೇಕ್ ಮತ್ತು ಕರಿದ ಆಲೂಗಡ್ಡೆಯ ಬಗ್ಗೆ ಒಂದು ಪುಟ್ಟ ಪ್ರಬಂಧವಿದೆ. ಫ್ರೆಂಚರಿಗೆ ಸ್ಟೇಕ್ ಬರೀ ಊಟವಲ್ಲ, ರಕ್ತದ ಸುತ್ತ ಹೆಣೆದ ಪುರಾಣ. ತಿಂದವನಿಗೆ ಗೂಳಿಯ ಬಲ ಬರುತ್ತದೆಂಬ ನಂಬಿಕೆ ಅದರ ಹಿಂದಿದೆ ಎಂಬುದು ಅಲ್ಲಿನ ವಾದ. ಬೇಯಿಸದೇ ತಿನ್ನುವ ‘ಸ್ಟೇಕ್ ಟಾರ್ಟಾರ್’ ಕೂಡ ಅಲ್ಲಿ ಬರುತ್ತದೆ. ಕೊಚ್ಚಿದ ಹಸಿ ಮಾಂಸ, ಹಸಿ ಮೊಟ್ಟೆ: ಬಾರ್ತ್‌ಗೆ ಇವು ಹುಟ್ಟಿಗೂ ಮುಂಚಿನ ಜೀವದ್ರವ್ಯದಂತೆ ಕಾಣುತ್ತವೆ. ಸೂಕ್ಷ್ಮ ಮನಸ್ಸಿನವರು ರೋಗಿಷ್ಠರೂ ಆಗಿರುತ್ತಾರೆಂಬ ರೊಮ್ಯಾಂಟಿಕ್ ಕಲ್ಪನೆಯನ್ನು ಉಚ್ಚಾಟಿಸುವ ಕ್ರಿಯೆಯಾಗಿಯೂ ಅವನು ಇದನ್ನು ಓದುತ್ತಾನೆ.

ಈ ಓದು ನನಗೆ ಇಷ್ಟ. ಆದರೆ ಇದು ಊಟಕ್ಕೆ ಕುಳಿತವನ ಓದು. ತಟ್ಟೆ ಮುಂದೆ ಬಂದ ಮೇಲೆ ಶುರುವಾಗುತ್ತದೆ. ಇದೇ ತಿನಿಸನ್ನು ಮನೆಯಲ್ಲಿ ಮಾಡುವ ವಿಧಾನವನ್ನೇ ಒಂದು ಪಠ್ಯವಾಗಿ ಓದಿದರೆ ರಕ್ತಕ್ಕಿಂತ ಮೊದಲು ಕಾಣುವುದು ಚಾಕು.

ವಿಧಾನ ಹೀಗಿದೆ. ತಲೆಗೆ 150ರಿಂದ 200 ಗ್ರಾಂನಷ್ಟು, ಕೊಬ್ಬಿಲ್ಲದ ಮೆತ್ತನೆಯ ಮಾಂಸ; ಹಸಿಯಾಗಿಯೇ ತಿನ್ನುವುದಕ್ಕೆಂದು ಹೇಳಿ ಅಂದೇ ತಂದದ್ದು. ಮೊದಲೇ ಕೊಚ್ಚಿಟ್ಟ ಖೀಮಾ ಆಗದು. ರೋಗಾಣುಗಳು ಸಾಮಾನ್ಯವಾಗಿ ಇಡೀ ತುಂಡಿನ ಹೊರಮೈಯಲ್ಲಿರುತ್ತವೆ. ಯಂತ್ರದಲ್ಲಿ ಅರೆದರೆ ಒಳಗೆಲ್ಲ ಹರಡುತ್ತವೆ. ಆದ್ದರಿಂದ ತಣ್ಣಗಿನ ತುಂಡನ್ನು ಹರಿತವಾದ ಚಾಕುವಿನಿಂದ ಮೊದಲು ಹೋಳು, ಆಮೇಲೆ ಪಟ್ಟಿ, ಕೊನೆಗೆ ಸಣ್ಣ ಚೌಕಗಳಾಗಿ ಹೆಚ್ಚಬೇಕು. ಸಾಸಿವೆ, ಸಣ್ಣಗೆ ಹೆಚ್ಚಿದ ಚಿಕ್ಕ ಈರುಳ್ಳಿ, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು, ವಿನೆಗರಿನಲ್ಲಿ ನೆನೆದ ಮಿಡಿ ಸೌತೆ, ಪಾರ್ಸ್ಲಿ, ಕೆಲವು ಹನಿ ವೂಸ್ಟರ್ ಸಾಸ್ ಬೆರೆಸಿ, ಮೇಲೆ ಮೊಟ್ಟೆಯ ಹಳದಿ ಇಟ್ಟು, ಆ ಕ್ಷಣವೇ ಬಡಿಸಬೇಕು. ಇಷ್ಟಾದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಬಸುರಿಯರು, ಮಕ್ಕಳು, ವೃದ್ಧರು ತಿನ್ನಬಾರದು.

ಬಾರ್ತ್ ಕಂಡ ಆದಿಮ ಶಕ್ತಿ ಇದರಲ್ಲಿ ಎಲ್ಲಿದೆ? ಮಾಂಸದ ಕೆಂಪು ಕೂಡ ಬಹುಮಟ್ಟಿಗೆ ರಕ್ತದ್ದಲ್ಲ, ಸ್ನಾಯುವಿನ ಮಯೋಗ್ಲೋಬಿನ್‌ನದು. ‘ಹಸಿ ಮತ್ತು ಬೆಂದದ್ದು’ (1964) ಬರೆದ ಲೆವಿ-ಸ್ಟ್ರಾಸ್ ಹಸಿಯನ್ನು ಪ್ರಕೃತಿಯ ಕಡೆಗೂ ಬೆಂದದ್ದನ್ನು ಸಂಸ್ಕೃತಿಯ ಕಡೆಗೂ ಇಟ್ಟವನು. ಅವನೇ ಮುಂದೆ, ಆರಿಸಿ, ತೊಳೆದು, ಹೆಚ್ಚಿ, ಒಗ್ಗರಣೆಯಂಥದ್ದೇನಾದರೂ ಮಾಡದೆ ನಾವು ಹಸಿಯದನ್ನು ತಿನ್ನುವುದು ಅಪರೂಪ ಎಂದೂ ಗಮನಿಸಿದ. ಟಾರ್ಟಾರ್‌ನಲ್ಲಿ ಬೆಂಕಿಯ ಕೆಲಸವನ್ನು ಚಾಕು ಮಾಡುತ್ತದೆ.

ಹಾಗಿದ್ದೂ ಹೆಸರು ಬೇರೆ ಕಥೆ ಹೇಳುತ್ತದೆ. ತಾರ್ತಾರರು ಕುದುರೆಯ ಜೀನಿನ ಕೆಳಗೆ ಮಾಂಸವಿಟ್ಟು ಮೆತ್ತಗಾಗಿಸಿ ತಿನ್ನುತ್ತಿದ್ದರಂತೆ. ಇಂಥದೇ ಮಾತನ್ನು 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಹೂಣರ ಮೇಲೆ ಹೊರಿಸಿದ್ದ. ಎಸ್ಕೊಫಿಯೇಯ ಪಾಕಗ್ರಂಥದ 1921ರ ಆವೃತ್ತಿಯಲ್ಲಾದರೋ ಈ ಹೆಸರಿನ ತಿನಿಸಿಗೆ ಮೊಟ್ಟೆಯಿಲ್ಲ, ಪಕ್ಕದಲ್ಲಿ ಟಾರ್ಟಾರ್ ಸಾಸ್ ಇದೆ. ಹೆಸರು ಸಾಸಿನ ದಾರಿಯಲ್ಲಿ ಬಂದಿರಬೇಕು ಅನಿಸುತ್ತದೆ. ಆದರೂ ಕುದುರೆಯ ಕಥೆ ಅಳಿಯಲಿಲ್ಲ. ಹಸಿ ತಿನ್ನುವ ‘ಅನಾಗರಿಕತೆ’ ಇನ್ನೊಬ್ಬರದು, ಅದನ್ನು ರುಚಿಯಾಗಿಸಿದ ನಾಜೂಕು ನಮ್ಮದು ಎಂದು ಹೇಳಿಕೊಳ್ಳಲು ಅದು ಅನುಕೂಲ. ಪುರಾಣಗಳನ್ನು ಬಿಚ್ಚುವುದೇ ಕೆಲಸವಾಗಿದ್ದ ಬಾರ್ತ್ ಈ ಗಂಟಿಗೆ ಕೈಹಾಕಲಿಲ್ಲ.

ಫ್ರೆಂಚಿನಲ್ಲಿ ಹಸಿಗೆ ‘ಕ್ರು’ ಎನ್ನುತ್ತಾರೆ. ‘ನಂಬು’ ಎಂಬ ಕ್ರಿಯಾಪದದ ಭೂತರೂಪವೂ ಕಾಗುಣಿತದಲ್ಲಿ ಅದೇ. ಎರಡರ ಮೂಲ ಬೇರೆ, ಆದರೆ ಈ ಅಡುಗೆಯಲ್ಲಿ ಅವು ಜೊತೆಗೇ ಇವೆ. ಕಟುಕ ತಾಜಾ ಎಂದದ್ದನ್ನು ಮಾಡುವವರು ನಂಬಬೇಕು, ಮಾಡಿದವರ ಕೈಯನ್ನು ತಿನ್ನುವವರು ನಂಬಬೇಕು. ಅಡುಗೆಮನೆಯಿಂದ ಓದಿದಾಗ ಈ ತಟ್ಟೆಯಲ್ಲಿ ನನಗೆ ಕಾಣುವುದು ಗೂಳಿಯ ಬಲಕ್ಕಿಂತ ಹೆಚ್ಚಾಗಿ ಈ ನಂಬಿಕೆಯೇ.